ಭೂಮಿಯ ಸಂಚಕಾರವೂ ಖರೇದಿಯೂ

ಅಕ್ಕೋಳವು ವೇದಗಂಗೆಯ ಬಯಲಿನಲ್ಲಿ ನಿಪ್ಪಾಣಿಗೆ ಸಮೀಪವಾಗಿರುವ ಒಂದು ಗ್ರಾಮವು. ಈ ಗ್ರಾಮದಲ್ಲಿಯೂ, ಇದರ ಸುತ್ತಲಿನ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿಯೂ ಹೊಲದ ವ್ಯವಹಾರವು ಕುದುರಿದೊಡನೆ ಮೊದಲು ನಡೆಯುವ ಕಾರ್ಯವು ಸಂಚಕಾರದ್ದು. ಒಪ್ಪಿದ ಬೆಲೆಯಲ್ಲಿ ಒಂದಂಶವನ್ನು ಕೊಳ್ಳುವವನು ಮುಂಗಡವಾಗಿ ಕೊಡುವನು. ಕೊಡುವವನು ಸಂಚಕಾರ ಪತ್ರವನ್ನು ಬರೆದುಕೊಡುವನು. ಉಳಿದ ಹಣಕ್ಕೆ ಒಂದು ಮುದತ್ತು ಗೊತ್ತಾಗುವದು. ಆ ಮುದತ್ತಿನೊಳಗೆ ಖರೇದಿಪತ್ರವಾಗಿ ಹೊಲದ ಕಬ್ಜೆಯು ಕೈಬದಲಾಗುವದು. ಇದು ವಿಶ್ವಾಸದ ಕಾರ್ಯವು. ಆದರೆ ಇದೇ ನಾಡಿನ ಜನರು ಯಾವನಿಗಾದರೂ ದೊಡ್ಡ ಆಪತ್ತು ಒದಗಿದಾಗ 'ಅವನ ಜೀವಕ್ಕೆ ಸಂಚಕಾರ ಬಂತು' ಎಂದು ಅನ್ನುವರು. ಒಂದೇ ಶಬ್ದವು ಒಂದು ಕಡೆಯಲ್ಲಿ ನಂಬಿಗೆಗೂ ಇನ್ನೊಂದು ಕಡೆಯಲ್ಲಿ ವಿಪತ್ತಿಗೂ ಹೆಸರಾಗಿ ನಿಂತಿದೆ. ಈ ನಾಡಿನಲ್ಲಿ ಭೂಮಿಯು ಕೈಯಿಂದ ಕೈಗೆ ಹೋದ ಇತಿಹಾಸವನ್ನು ನೋಡಿದರೆ, ಈ ಎರಡರ್ಥಗಳಿಗೂ ಅಲ್ಲಿ ಬೇಕಾದಷ್ಟು ಎಡೆಯುಂಟೆಂಬದು ಕಂಡುಬರುವದು.

ಭೂವಿಕ್ರಯವು ಎರಡು ಕಾಲುಗಳ ಮೇಲೆ ನಿಲ್ಲತಕ್ಕದ್ದು. ಕೊಡುವವನ ಮನಸ್ಸೂ ಕೊಳ್ಳುವವನ ಮನಸ್ಸೂ ಒಂದೇ ಅರ್ಥದಲ್ಲಿ ಒಂದಾಗುವದು ಮೊದಲನೆಯದು. ಆ ಒಪ್ಪಿಗೆಯು ನಾಲ್ಕು ಜನರ ಅರಿವಿಗೆ ಬರುವದು ಎರಡನೆಯದು. ಬರವಣಿಗೆಯು ಈ ಎರಡಕ್ಕೂ ಸಾಧನವು. ಇವುಗಳ ಸ್ಥಾನದಲ್ಲಿ ತಾನೇ ಕುಳಿತುಕೊಳ್ಳತಕ್ಕದ್ದಲ್ಲ. ಕಾಗದವು ಸೇವಕನಾಗಿದ್ದಷ್ಟು ಕಾಲ ರೈತನಿಗೆ ಅದರಿಂದ ರಕ್ಷಣೆಯಾಯಿತು. ಅದು ಯಜಮಾನನಾದಾಗ ಅವನ ಹೊಲವು ಹೋಯಿತು. ಈ ಮಾತನ್ನು ಮೊದಲಿನಿಂದ ವಿಚಾರಿಸಬೇಕಾದರೆ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಹೋಗಬೇಕಾಗುವದು.

ಆರನೆಯ ವಿಕ್ರಮಾದಿತ್ಯನು ೧೦೭೬ರಿಂದ ೧೧೨೬ರ ವರೆಗೆ ಆಳಿದನು. ಅವನ ರಾಜಧಾನಿಯಾದ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಕನ್ನಡ ನೆಲದಲ್ಲಿ ಹುಟ್ಟಿದ ಈ ಗ್ರಂಥವು ಬಂಗಾಲವೊಂದನ್ನು ಬಿಟ್ಟು ಹೆಚ್ಚು ಕಡಿಮೆ ಭರತಖಂಡದ ಹಿಂದೂ ಕುಟುಂಬಗಳಿಗೆಲ್ಲ ದಾಯವಿಭಾಗದ ಪ್ರಮಾಣವಾಯಿತು. ಭೂಮಿಯು ಒಬ್ಬನಿಂದ ಇನ್ನೊಬ್ಬನಿಗೆ ಹೋಗಬೇಕಾದರೆ ಆರು ಅಂಗಗಳು ಕೂಡಿಬರಬೇಕೆಂಬ ಒಂದು ಸ್ಮೃತಿವಚನವನ್ನು ಅದರಲ್ಲಿ ವಿಜ್ಞಾನೇಶ್ವರನು ಎತ್ತಿಕೊಂಡು ವಿಚಾರಿಸಿದ್ದಾನೆ. ತನ್ನ ಗ್ರಾಮದವರ ಒಪ್ಪಿಗೆ, ಜ್ಞಾತಿಗಳ ಒಪ್ಪಿಗೆ, ನೆರೆಹೊಲದವರಾದ ಸಾಮಂತರ ಒಪ್ಪಿಗೆ, ದಾಯಾದರ ಒಪ್ಪಿಗೆ, ಹಿರಣ್ಯದಾನ ಮತ್ತು ಉದಕದಾನ ಎಂಬಿವೇ ಆ ಆರು.

ವಿಜ್ಞಾನೇಶ್ವರನ ಹಿರಿಮೆಯು ಈ ವಚನವನ್ನು ಉದ್ಧರಿಸಿದ್ದರಲ್ಲಿ ಇಲ್ಲ. ಒಂದೊಂದು ಅಂಗಕ್ಕೂ ಕಾರಣವನ್ನು ಹೇಳಿದ್ದರಲ್ಲಿ ಇದೆ. ಗ್ರಾಮದವರ ಒಪ್ಪಿಗೆ ಏತಕ್ಕೆ? ಅವರು ಬೇಡವೆಂದರೆ ವ್ಯವಹಾರವು ಬಿದ್ದುಹೋಗುವದೆಂದಲ್ಲ. ಕಾರ್ಯವು ಪ್ರಕಟವಾಗಲಿ, ಗುಟ್ಟಿನಲ್ಲಿ ನಡೆಯದಿರಲಿ ಎಂಬುದಕ್ಕಾಗಿ. ನೆರೆಯವರ ಒಪ್ಪಿಗೆ ಏತಕ್ಕೆ? ಮುಂದೆ ಸೀಮೆಯ ಜಗಳವು ಹುಟ್ಟದಿರಲೆಂದು. ಜ್ಞಾತಿಗಳ ಮತ್ತು ದಾಯಾದರ ಒಪ್ಪಿಗೆಯಾದರೋ ಪಾಲು ಉಳ್ಳವರ ಹಕ್ಕಿಗೆ ಸಂಬಂಧಪಟ್ಟದ್ದು. ಪಾಲು ಈಗಾಗಲೇ ಬೇರೆಯಾಗಿದ್ದರೂ ಮುಂದೆ 'ಬೇರೆಯಾಗಿತ್ತೋ ಇಲ್ಲವೋ' ಎಂಬ ಸಂಶಯಕ್ಕೆ ಎಡೆಗೊಡದಂತೆ ಅದನ್ನು ಪಡೆಯುವದು ಹಿತವು. ಇನ್ನು ಸುವರ್ಣ ಮತ್ತು ನೀರು. ಸ್ಥಾವರವನ್ನು ಮಾರಬಾರದೆಂದು ಒಂದು ವಚನವೂ, ಭೂದಾನವು ಪುಣ್ಯವೆಂದು ಇನ್ನೊಂದು ವಚನವೂ ಇರುವದರಿಂದ, ಮಾರುವವನು ಮಾರುವಾಗಲೂ ದಾನದ ರೂಪದಿಂದ ಧಾರೆಯೆರೆದು ಕೊಡಬೇಕೆಂದು ಅವನು ಸಮನ್ವಯ ಮಾಡಿದ್ದಾನೆ. ಕುಟುಂಬಕ್ಕೆ ಆಪತ್ತು ಒದಗಿದಾಗ, ಕುಟುಂಬದ ಪೋಷಣೆಗಾಗಿ, ಅಥವಾ ಅವಶ್ಯವಾದ ಧರ್ಮಕಾರ್ಯಕ್ಕಾಗಿ ಒಬ್ಬನೇ ಸ್ಥಾವರವನ್ನು ಮಾರಲೂಬಹುದು, ಒತ್ತೆಯಿಡಲೂಬಹುದು ಎಂದು ಅಪವಾದವನ್ನೂ ತೋರಿಸಿದ್ದಾನೆ. ಎಂಟುನೂರು ವರುಷಗಳ ತರುವಾಯ ಇಂಗ್ಲೀಷ ನ್ಯಾಯಾಲಯಗಳು 'ಕುಟುಂಬದ ಆವಶ್ಯಕತೆ' ಎಂದು ವಿಚಾರಿಸತೊಡಗಿದ ವಿಷಯವು ಇದುವೇ.

ಇದು ಗ್ರಂಥದ ಮಾತು ಮಾತ್ರವಾಗಿರಲಿಲ್ಲ. ಚಿಕ್ಕೋಡಿ ತಾಲೂಕಿನ ಏಕಸಂಬೆಯ ನೇಮಿನಾಥ ಬಸದಿಯ ೧೨ನೆಯ ಶತಮಾನದ ಶಾಸನವನ್ನು ಹಿಡಿದು, ಶಿಲಾಹಾರರ ಮತ್ತು ಸವದತ್ತಿಯ ರಟ್ಟರ ಶಾಸನಗಳು ಈ ಸೀಮೆಯಲ್ಲಿ ಹಲವಿವೆ. ಆ ಕಾಲದ ಭೂದಾನ ಶಾಸನಗಳ ರೀತಿಯನ್ನು ನೋಡಿದವರಿಗೆ ಅವುಗಳ ಕ್ರಮವು ಪರಿಚಿತವೇ ಆಗಿರುವದು. ಅರಸನ ಹೆಸರು, ಶಕವರ್ಷ, ತಿಥಿ, ವಾರ. ಕೊಟ್ಟವರು ಯಾರು, ಪಡೆದವರು ಯಾರು. ಮತ್ತರು ಕಮ್ಮಗಳಲ್ಲಿ ಭೂಮಿಯ ಅಳತೆ. ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ನಾಲ್ಕು ಎಲ್ಲೆಗಳು. ಧಾರಾಪೂರ್ವಕವಾಗಿ ಕೊಟ್ಟದ್ದೆಂಬ ಮಾತು. ಕೊನೆಗೆ ತಪ್ಪಿದವರಿಗೆ ಶಾಪ. ಈ ಕಲ್ಲನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಲಿಲ್ಲ. ಗುಡಿಯ ಮುಂದೆಯೋ ಹೊಲದ ಅಂಚಿನಲ್ಲಿಯೋ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದರು. ಇಂದಿನ ಖರೇದಿಪತ್ರದಲ್ಲಿ ಬರೆಯುವ ಚಕ್‌ಬಂದಿಯು ಆ ನಾಲ್ಕು ಎಲ್ಲೆಗಳ ಸಂತತಿಯೇ. ಯಾವ ವಸ್ತುವನ್ನು ಕೊಡುತ್ತೇವೆಂಬದು ಸಂಶಯವಿಲ್ಲದೆ ಗೊತ್ತಾಗದೆ ಒಪ್ಪಿಗೆಗೆ ಅರ್ಥವಿಲ್ಲವೆಂಬ ತತ್ತ್ವವು ಅಂದಿಗೂ ಇಂದಿಗೂ ಒಂದೇ.

ಮೊದಲು ಹೇಳಿದ ಸಂಚಕಾರದ ಬೇರು ಕೂಡ ಈ ಸ್ಮೃತಿಯಲ್ಲಿಯೇ ಸಿಕ್ಕುವದು. 'ಸತ್ಯಂಕಾರ' ಎಂಬ ಸಂಸ್ಕೃತ ಶಬ್ದದ ತದ್ಭವವೇ ಸಂಚಕಾರವು. ಆಡಿದ ಮಾತನ್ನು ಸತ್ಯ ಮಾಡುವದಕ್ಕಾಗಿ ಕೊಟ್ಟ ವಸ್ತುವೆಂದು ಅದರ ಅರ್ಥವು. ಕ್ರಯವಿಕ್ರಯದ ಮಾತು ನಿಲ್ಲಲೆಂದು ಒಬ್ಬನು ಉಂಗುರ ಮೊದಲಾದ್ದನ್ನು ಇನ್ನೊಬ್ಬನ ಕೈಯಲ್ಲಿ ಕೊಟ್ಟಿದ್ದರೆ, ಕೊಟ್ಟವನೇ ಮಾತಿಗೆ ತಪ್ಪಿದಲ್ಲಿ ಆ ವಸ್ತುವನ್ನು ಕಳೆದುಕೊಳ್ಳುವನು. ಇಸಕೊಂಡವನು ತಪ್ಪಿದಲ್ಲಿ ಅದರ ಇಮ್ಮಡಿಯನ್ನು ತಿರುಗಿ ಕೊಡತಕ್ಕವನು ಎಂದು ಮಿತಾಕ್ಷರೆಯು ವಿವರಿಸುತ್ತದೆ. ಎರಡೂ ಪಕ್ಷಗಳಿಗೆ ಬಂಧನವಿಲ್ಲದೆ ಕರಾರು ಇಲ್ಲವೆಂಬ ನ್ಯಾಯವನ್ನು ಇದಕ್ಕಿಂತ ಸುಲಭವಾಗಿ ಹೇಳುವದು ಕಷ್ಟವು.

ಬರವಣಿಗೆಯ ವಿಷಯದಲ್ಲಿ ಯಾಜ್ಞವಲ್ಕ್ಯನು ಇನ್ನೂ ಎಚ್ಚರವುಳ್ಳವನು. ಪತ್ರದಲ್ಲಿ ವರುಷ, ಮಾಸ, ಪಕ್ಷ, ದಿನ, ಉಭಯರ ಹೆಸರು, ತಂದೆಯ ಹೆಸರು ಇರತಕ್ಕದ್ದು. ಬರೆದುಕೊಡುವವನು ಮೇಲಿನ ವಿಷಯವು ತನಗೆ ಸಮ್ಮತವೆಂದು ಸ್ವಹಸ್ತದಿಂದ ಬರೆಯತಕ್ಕದ್ದು. ಸಾಕ್ಷಿಗಳು ತಮ್ಮ ತಮ್ಮ ಹೆಸರನ್ನು ಹಾಕತಕ್ಕದ್ದು. ಉಭಯರ ಕೇಳಿಕೆಯಿಂದ ಇದನ್ನು ಬರೆದೆನೆಂದು ಲೇಖಕನು ಕೊನೆಗೆ ಒಪ್ಪಿಕೊಳ್ಳತಕ್ಕದ್ದು. ಸಾಕ್ಷಿಯಿಲ್ಲದ ಸ್ವಹಸ್ತಪತ್ರವೂ ಪ್ರಮಾಣವೇ. ಆದರೆ ಬಲಾತ್ಕಾರದಿಂದಲೋ ವಂಚನೆಯಿಂದಲೋ ಬರೆಯಿಸಿಕೊಂಡದ್ದು ಪ್ರಮಾಣವಲ್ಲ. ಮತ್ತನು, ಉನ್ಮತ್ತನು, ರೋಗಾರ್ತನು, ವ್ಯಸನದಲ್ಲಿ ಸಿಕ್ಕಿದವನು, ಬಾಲಕನು, ಅಂಜಿದವನು, ಇಂಥವರು ಮಾಡಿದ ವ್ಯವಹಾರವು ಸಿದ್ಧಿಸದು. ಇತರ ವ್ಯವಹಾರಗಳಲ್ಲಿ ಹಿಂದಿನಿಂದ ಆದ ಕ್ರಿಯೆಗೆ ಬಲ ಹೆಚ್ಚಾದರೂ, ಒತ್ತೆ, ದಾನ, ಕ್ರಯಗಳಲ್ಲಿ ಮೊದಲಾದದ್ದೇ ಬಲವತ್ತರವು. ಯಾಕಂದರೆ ಒಮ್ಮೆ ಕೊಟ್ಟ ಹೊಲವನ್ನು ಎರಡನೆಯವನಿಗೆ ಕೊಡಲು ಅವನ ಕೈಯಲ್ಲಿ ಏನೂ ಉಳಿದಿರುವದಿಲ್ಲ.

ಒತ್ತೆಯ ವಿಷಯದಲ್ಲಿ ಈ ಸ್ಮೃತಿಯು ಹಾಕಿದ ಭೇದವನ್ನು ವಾಚಕರು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು. ಕಾಲವನ್ನು ಗೊತ್ತುಮಾಡಿ ಇಟ್ಟ ಒತ್ತೆಯು ಆ ಕಾಲಕ್ಕೆ ಬಿಡಿಸದಿದ್ದರೆ ಹೋಗುವದು. ಫಲವನ್ನು ಅನುಭೋಗಿಸಲು ಕೊಟ್ಟ ಒತ್ತೆಯು ಎಂದಿಗೂ ಹೋಗದು. ಹೊಲವು ಸಾವಕಾರನ ಕೈಯಲ್ಲಿದ್ದು ಅದರ ಬೆಳೆಯು ಅವನಿಗೆ ಸಲ್ಲುತ್ತಿದ್ದರೆ, ಅಸಲು ಕೊಟ್ಟ ದಿವಸ ಹೊಲವು ರೈತನಿಗೆ ತಿರುಗಿ ಬರತಕ್ಕದ್ದೇ. ಹಾಗಾದರೆ ಕಾಲದ ಒತ್ತೆ ಯಾವದು, ಭೋಗದ ಒತ್ತೆ ಯಾವದು, ಖರೇ ಮಾರಾಟ ಯಾವದು? ೧೯ನೆಯ ಶತಮಾನದ ದೊಡ್ಡ ಜಗಳವೆಲ್ಲ ಈ ಪ್ರಶ್ನೆಯ ಸುತ್ತಲೂ ತಿರುಗಿತು.

ನಡುವೆ ಬಂದ ಮರಾಠರ ಆಳಿಕೆಯಲ್ಲಿ ಕಾಗದದ ಭಾಷೆಯು ಮರಾಠಿಯಾಯಿತು, ಲಿಪಿಯು ಮೋಡಿಯಾಯಿತು. ಆದರೂ ಊರಿನ ಅರಿವು ತಪ್ಪಲಿಲ್ಲ. ವತನದ ಅಥವಾ ಹೊಲದ ತಂಟೆಯು ಗೋತಸಭೆಯ ಮುಂದೆ ಬರುತ್ತಿತ್ತು. ನಿರ್ಣಯವು ಮಜಹರವೆಂಬ ಪತ್ರದಲ್ಲಿ ಇಳಿಯುತ್ತಿತ್ತು. ಅದರ ಕೆಳಗೆ ಊರಿನ ವತನದಾರರು ಸಹಿ ಮಾಡುತ್ತಿದ್ದರು. ಅಕ್ಷರ ಬಾರದವರು ತಮ್ಮ ಕಸುಬಿನ ಚಿಹ್ನೆಯನ್ನು ಬರೆಯುತ್ತಿದ್ದರು. ಪಾಟೀಲನದು ನೇಗಿಲಿನ ಗುರುತು. ನೇಗಿಲನ್ನು ಬರೆದವನಿಗೆ ಮೇಲಿನ ಅಕ್ಷರಗಳು ತಿಳಿಯದೆ ಇರಬಹುದು. ಆದರೆ ವಿಷಯವು ತಿಳಿದಿತ್ತು, ಯಾಕಂದರೆ ಅದು ಅವನ ಎದುರಿನಲ್ಲಿಯೇ ಊರ ನಡುವೆ ಚರ್ಚೆಯಾಗಿತ್ತು.

ಚಿಕ್ಕೋಡಿ ಸೀಮೆಯು ೧೮೨೭ರ ಒಡಂಬಡಿಕೆಯಿಂದ ಕೊಲ್ಹಾಪುರದವರ ಕೈಬಿಟ್ಟು ಇಂಗ್ಲೀಷ ಕಂಪನಿಗೆ ಸೇರಿತು. ರಾಯಬಾಗವಾದರೋ ೧೯೪೯ರ ವರೆಗೂ ಕೊಲ್ಹಾಪುರ ಸಂಸ್ಥಾನದಲ್ಲಿಯೇ ಉಳಿಯಿತು. ಕಂಪನಿಯ ಆಳಿಕೆಯಲ್ಲಿ ಎರಡು ಹೊಸ ಸಂಗತಿಗಳು ಕೂಡಿಬಂದವು. ಮೊದಲನೆಯದು, ಮುಂಬಯಿ ಇಲಾಖೆಯ ಭೂಮಾಪನ. ೧೮೩೫ರಿಂದ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ನೆಲೆಗೊಳಿಸಿದ ಈ ಕ್ರಮದಲ್ಲಿ ಪ್ರತಿಯೊಂದು ಹೊಲಕ್ಕೂ ನಂಬರು ಬಿತ್ತು, ಸಾರೆ ನಿಶ್ಚಿತವಾಯಿತು. ಸಾರೆ ಸಲ್ಲಿಸುವವರೆಗೆ ಹೊಲವು ರೈತನದೇ ಆಗಿದ್ದು, ಅದು ಮಕ್ಕಳಿಗೆ ಸಲ್ಲತಕ್ಕದ್ದೂ ಇತರರಿಗೆ ಮಾರತಕ್ಕದ್ದೂ ಆಯಿತು. ಎರಡನೆಯದು, ದಿವಾಣಿ ಕೋರ್ಟು. ಅಲ್ಲಿಯ ನ್ಯಾಯಾಧೀಶನಿಗೆ ಊರಿನ ನೆನಪು ಇರಲಿಲ್ಲ. ಅವನ ಮುಂದೆ ಕಾಗದವಿತ್ತು. ಹೊಲಕ್ಕೆ ಬೆಲೆ ಬಂದುದರಿಂದ ಸಾಲವು ಸುಲಭವಾಗಿ ಹುಟ್ಟಿತು. ಸಾಲಕ್ಕೆ ಕಾಗದವು ಹುಟ್ಟಿತು. ಕಾಗದಕ್ಕೆ ಕೋರ್ಟಿನಲ್ಲಿ ಊರಿನ ಮಾತಿಗಿಂತ ಹೆಚ್ಚು ಬಲವು ಬಂದಿತು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ನೋಡುವದು ಒಳ್ಳೆಯದು. ವೇದಗಂಗೆಯ ಬಯಲಿನಲ್ಲಿ ನಾಲ್ಕು ಏಕರೆಯ ಒಬ್ಬ ರೈತನು ಮಗಳ ಮದುವೆಗೆಂದು ನೂರು ರೂಪಾಯಿ ಸಾಲವನ್ನು ಕೇಳುತ್ತಾನೆ. ಸಾವಕಾರನು ಗಹಾಣದ ಬದಲಾಗಿ ಖರೇದಿಪತ್ರವನ್ನೇ ಬರೆದುಕೊಡೆನ್ನುತ್ತಾನೆ. 'ಕಾಗದ ಹೇಗಿದ್ದರೇನು, ನನ್ನ ರೊಕ್ಕ ಕೊಟ್ಟ ದಿವಸ ನಿನ್ನ ಹೊಲ ನಿನಗೆ' ಎಂದು ಬಾಯಿಮಾತು ಕೊಡುತ್ತಾನೆ. ರೈತನು ಅಂಗುಷ್ಠವನ್ನು ಒತ್ತುತ್ತಾನೆ. ಹೊಲದ ಬೆಲೆಯು ನಾಲ್ಕುನೂರಾದರೂ ಪತ್ರದಲ್ಲಿ ನೂರೇ ಇರುತ್ತದೆ. ಹೊಲವನ್ನು ಉಳುವವನು ಮುಂಚಿನಂತೆ ರೈತನೇ, ಆದರೆ ಈಗ ಲಾವಣಿಯ ಕಾಗದ ಬರೆದುಕೊಟ್ಟು. ಹತ್ತು ವರುಷಗಳ ತರುವಾಯ ರೊಕ್ಕವನ್ನು ತೆಗೆದುಕೊಂಡು ಹೋದರೆ ಸಾವಕಾರನು, ಅಥವಾ ಅವನ ಮಗನು, ಖರೇದಿಪತ್ರವನ್ನು ತೋರಿಸುತ್ತಾನೆ. ಇಬ್ಬರ ಮನಸ್ಸೂ ಒಂದಾದದ್ದು ಸಾಲಕ್ಕೆ; ಕಾಗದವು ಹೇಳುವದು ಮಾರಾಟವನ್ನು. ನ್ಯಾಯಾಧೀಶನು ಯಾವದನ್ನು ನಂಬತಕ್ಕದ್ದು?

ಇದಕ್ಕೆ ಉತ್ತರವು ಒಂದೇ ಸವನೆ ಬರಲಿಲ್ಲ. ಮುದತ್ತಿಗೆ ರೊಕ್ಕ ಕೊಡದಿದ್ದರೆ ಗಹಾಣವೇ ಖರೇದಿಯಾಗತಕ್ಕದ್ದೆಂಬ ಷರತ್ತಿನ ಪತ್ರಕ್ಕೆ ಈ ಕಡೆಗೆ 'ಗಹಾಣ ಲಹಾಣ' ಎಂದು ಹೆಸರು. ೧೮೬೪ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಇಂಥ ಪತ್ರದಲ್ಲಿ ಮುದತ್ತು ಮೀರಿದರೂ ರೈತನು ರೊಕ್ಕ ಕೊಟ್ಟು ಹೊಲವನ್ನು ಬಿಡಿಸಿಕೊಳ್ಳಬಹುದೆಂದು ನಿರ್ಣಯಿಸಿತು. ಒಮ್ಮೆ ಗಹಾಣವಾದದ್ದು ಎಂದಿಗೂ ಗಹಾಣವೇ ಎಂಬ ಇಂಗ್ಲೀಷ ಧರ್ಮನ್ಯಾಯವು ಇದರಿಂದ ಈ ನಾಡಿನಲ್ಲಿ ನೆಲೆಗೊಂಡಿತು. ಭೋಗದ ಒತ್ತೆಯು ಹೋಗದೆಂಬ ಯಾಜ್ಞವಲ್ಕ್ಯನ ಮಾತಿಗೆ ಇದು ಸಮೀಪವಾದದ್ದು. ಕಾಲದ ಒತ್ತೆಯ ವಿಷಯದಲ್ಲಿ ಅವನಿಗಿಂತ ಮುಂದೆ ಹೋದದ್ದು. ಈ ತೀರ್ಪಿನ ತರುವಾಯ ಜಾಣ ಸಾವಕಾರನು ಗಹಾಣವೆಂಬ ಶಬ್ದವನ್ನೇ ಪತ್ರದಿಂದ ತೆಗೆದು ಬರೀ ಖರೇದಿಯೆಂದು ಬರೆಯಿಸಿಕೊಳ್ಳುವದು ತನಗೆ ಕ್ಷೇಮವೆಂದು ಕಂಡನು.

೧೮೭೨ರಲ್ಲಿ ಎರಡು ಕಾಯಿದೆಗಳು ಹುಟ್ಟಿದವು. ಒಂದು ಭಾರತೀಯ ಕರಾರು ಕಾಯಿದೆ. ಇದು ಇಂದಿಗೂ ಜಾರಿಯಲ್ಲಿದೆ. ಒಬ್ಬನು ಪ್ರಸ್ತಾವಿಸಬೇಕು, ಇನ್ನೊಬ್ಬನು ಅದನ್ನು ಅದೇ ಅರ್ಥದಲ್ಲಿ ಒಪ್ಪಬೇಕು. ಕೊಡುವದಕ್ಕೆ ಪ್ರತಿಯಾಗಿ ಬರುವದೊಂದು ಇರಬೇಕು. ಇಬ್ಬರೂ ಪ್ರಾಪ್ತವಯಸ್ಕರೂ ಸ್ವಸ್ಥಚಿತ್ತರೂ ಆಗಿರಬೇಕು. ಒಪ್ಪಿಗೆಯು ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆ, ಸುಳ್ಳು ನಿರೂಪಣೆ, ತಪ್ಪು ತಿಳಿವಳಿಕೆ ಇವುಗಳಿಂದ ಕಲುಷಿತವಾಗಿರಬಾರದು. ಉದ್ದೇಶವು ಕಾಯಿದೆಗೆ ವಿರುದ್ಧವಾಗಿರಬಾರದು. ಮತ್ತ, ಉನ್ಮತ್ತ, ಬಾಲ, ಭೀತ ಎಂಬ ಹಳೆಯ ಪಟ್ಟಿಯು ಇಲ್ಲಿ ಹೊಸ ಹೆಸರಿನಿಂದ ತಿರುಗಿ ಬಂದಿದೆ. ಅಪ್ರಾಪ್ತವಯಸ್ಕನ ಕರಾರು ಮೂಲದಲ್ಲಿಯೇ ಶೂನ್ಯವೆಂದು ಪ್ರಿವಿ ಕೌನ್ಸಿಲು ೧೯೦೩ರಲ್ಲಿ ಸಾರಿದಾಗ ಆ ಸಾಮ್ಯವು ಇನ್ನೂ ಸ್ಪಷ್ಟವಾಯಿತು. ಬೆಲೆಯು ಕಡಿಮೆಯೆಂಬಷ್ಟರಿಂದಲೇ ಕರಾರು ಕೆಡುವದಿಲ್ಲ. ಆದರೆ ಒಪ್ಪಿಗೆಯು ಸ್ವತಂತ್ರವಾಗಿತ್ತೇ ಎಂದು ನೋಡುವಾಗ ಬೆಲೆಯ ಕೊರತೆಯನ್ನು ಲೆಕ್ಕಕ್ಕೆ ಹಿಡಿಯಬಹುದೆಂದು ಈ ಕಾಯಿದೆಯು ಹೇಳುತ್ತದೆ. ಮೇಲಿನ ರೈತನಿಗೆ ಇದೊಂದು ಆಸರೆಯು. ಆದರೆ ಅದೇ ವರುಷದ ಸಾಕ್ಷ್ಯದ ಕಾಯಿದೆಯು ತನ್ನ ೯೨ನೆಯ ಕಲಮಿನಲ್ಲಿ, ಬರವಣಿಗೆಯಾದ ಕರಾರಿನ ಮಾತುಗಳನ್ನು ಬಾಯಿಸಾಕ್ಷಿಯಿಂದ ಬದಲಿಸಬಾರದೆಂದು ವಿಧಿಸಿತು. ವಂಚನೆಯನ್ನೋ ತಪ್ಪು ತಿಳಿವಳಿಕೆಯನ್ನೋ ಸ್ಥಾಪಿಸಲು ಮಾತ್ರ ಒಂದು ಬಾಗಿಲನ್ನು ತೆರೆದಿಟ್ಟಿತು. ಒಂದು ಕಾಯಿದೆಯು ಮನಸ್ಸನ್ನು ನೋಡೆಂದಿತು. ಇನ್ನೊಂದು ಕಾಗದವನ್ನು ನೋಡೆಂದಿತು.

ಈ ವಿರೋಧದ ಬೆಂಕಿಯು ೧೮೭೫ರಲ್ಲಿ ಹೊತ್ತಿತು. ಆ ವರುಷದ ಮೇ ೧೨ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾವಕಾರರ ಅಂಗಡಿ ಮನೆಗಳ ಮೇಲೆ ಬಿದ್ದರು. ಗಲಭೆಯು ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ಹಬ್ಬಿತು. ಅವರು ಮುಖ್ಯವಾಗಿ ಹುಡುಕಿದ್ದು ಹಣವನ್ನಲ್ಲ, ಧಾನ್ಯವನ್ನಲ್ಲ. ಸಾಲದ ಪತ್ರಗಳನ್ನೂ ಹುಕುಮನಾಮೆಗಳನ್ನೂ. ಸಿಕ್ಕಲ್ಲಿ ಅವನ್ನು ಸುಟ್ಟರು; ಪತ್ರವನ್ನು ಕೊಟ್ಟುಬಿಟ್ಟ ಸಾವಕಾರನಿಗೆ ಬಹುತರವಾಗಿ ಮೈಮೇಲಿನ ಉಪದ್ರವವು ಆಗಲಿಲ್ಲ. ಕಾಗದವೇ ಯಜಮಾನನಾಗಿ ಕುಳಿತಿದೆಯೆಂಬದನ್ನು ಓದು ಬಾರದ ಆ ಜನರು ಚೆನ್ನಾಗಿ ತಿಳಿದಿದ್ದರು. ವಿಚಾರಣಾ ಮಂಡಲಿಯು ಕುಳಿತಿತು. ಅದರ ಫಲವಾಗಿ ೧೮೭೯ರಲ್ಲಿ ದಖ್ಖಣದ ಕೃಷಿಕರ ಪರಿಹಾರ ಕಾಯಿದೆಯು ಬಂದಿತು. ಮೊದಲು ಅದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಎಂಬ ನಾಲ್ಕು ಜಿಲ್ಲೆಗಳಿಗೆ ಮಾತ್ರ ಇತ್ತು. ಕ್ರಮೇಣ ಅದರ ಭಾಗಗಳು ಇಲಾಖೆಯ ಇತರ ಜಿಲ್ಲೆಗಳಿಗೂ ಬಂದವು.

ಈ ಕಾಯಿದೆಯಲ್ಲಿ ಎರಡು ಸಂಗತಿಗಳು ಗಮನಾರ್ಹವಾದವು. ನ್ಯಾಯಾಧೀಶನು ಪತ್ರದ ಮೊಬಲಗಿಗೆ ತೃಪ್ತನಾಗದೆ ಸಾಲದ ಲೆಕ್ಕವನ್ನು ಮೊದಲಿನಿಂದ ತೆಗೆದು ನೋಡತಕ್ಕದ್ದು ಎಂಬದು ಒಂದು. ಕೃಷಿಕನು ಬರೆದುಕೊಡುವ ಪತ್ರವು ಹಳ್ಳಿಯ ನೋಂದಣಿಗಾರನ ಮುಂದೆಯೇ ಬರೆಯಲ್ಪಟ್ಟು, ಗಟ್ಟಿಯಾಗಿ ಓದಲ್ಪಟ್ಟು, ಆಮೇಲೆ ಸಹಿಯಾಗತಕ್ಕದ್ದು ಎಂಬದು ಇನ್ನೊಂದು. ಗ್ರಾಮದ ಅರಿವು ಎಂಬ ಮಿತಾಕ್ಷರೆಯ ಅಂಗವನ್ನು ಸರಕಾರವು ತಿಳಿದೋ ತಿಳಿಯದೆಯೋ ತಿರುಗಿ ಸ್ಥಾಪಿಸಲು ಯತ್ನಿಸಿತು.

ನ್ಯಾಯಾಲಯಗಳಲ್ಲಿ ಜಗಳವು ಮುಂದುವರಿಯಿತು. ೧೮೮೦ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು, ಮೇಲ್ನೋಟಕ್ಕೆ ಖರೇದಿಯಾದ ಪತ್ರವು ನಿಜವಾಗಿ ಗಹಾಣವೆಂದು ಪಕ್ಷಗಾರರ ನಡತೆಯಿಂದ ತೋರಿಸಿಕೊಡಬಹುದೆಂದಿತು. ೧೮೯೯ರಲ್ಲಿ ಪ್ರಿವಿ ಕೌನ್ಸಿಲು ಉತ್ತರ ಹಿಂದುಸ್ಥಾನದ ಒಂದು ಮೊಕದ್ದಮೆಯಲ್ಲಿ ಇದಕ್ಕೆ ವಿರುದ್ಧವಾಗಿ, ಪತ್ರದ ಅರ್ಥವನ್ನು ಪತ್ರದಿಂದಲೂ ಸುತ್ತಲಿನ ಪರಿಸ್ಥಿತಿಯಿಂದಲೂ ಮಾತ್ರ ತಿಳಿಯತಕ್ಕದ್ದು, ಬಾಯಿಮಾತಿನ ಉದ್ದೇಶಕ್ಕೆ ಸಾಕ್ಷಿಯನ್ನು ಕೇಳಕೂಡದು ಎಂದು ತೀರ್ಪುಕೊಟ್ಟಿತು. ಅದೇ ವರುಷ ಕರಾರು ಕಾಯಿದೆಯ ೧೬ನೆಯ ಕಲಮು ತಿದ್ದುಪಡಿಯಾಗಿ, ಇನ್ನೊಬ್ಬನ ಇಚ್ಛೆಯ ಮೇಲೆ ಪ್ರಭುತ್ವ ನಡಿಸಬಲ್ಲವನು ಅನ್ಯಾಯವೆಂದು ತೋರುವ ವ್ಯವಹಾರವನ್ನು ಮಾಡಿಕೊಂಡಿದ್ದರೆ, ತಾನು ಅನುಚಿತ ಪ್ರಭಾವವನ್ನು ಬೀರಲಿಲ್ಲವೆಂದು ಅವನೇ ಸಿದ್ಧಪಡಿಸತಕ್ಕದ್ದೆಂಬ ನಿಯಮವು ಬಂದಿತು. ಮುಂಬಯಿ ಸರಕಾರವು ಕೃಷಿಕರ ಕಾಯಿದೆಗೆ '೧೦ ಅ' ಎಂಬ ಕಲಮನ್ನು ತರುವಾಯ ಸೇರಿಸಿ, ಕೃಷಿಕನು ಪಕ್ಷಗಾರನಾದ ವ್ಯವಹಾರದಲ್ಲಿ ಕಾಗದದ ಮಾತನ್ನು ದಾಟಿ ನಿಜಸ್ವರೂಪವನ್ನು ವಿಚಾರಿಸುವ ಅಧಿಕಾರವನ್ನು ಕೊಟ್ಟಿತು. ಆ ಕಾಯಿದೆಯು ಕಾಲಾಂತರದಲ್ಲಿ ರದ್ದಾಗಿ, ಕೃಷಿಕ ಸಾಲಗಾರರಿಗಾಗಿ ೧೯೪೭ರಲ್ಲಿ ಇನ್ನೊಂದು ಮುಂಬಯಿ ಕಾಯಿದೆಯು ಹುಟ್ಟಿತು.

ಸ್ವತ್ತಿನ ವರ್ಗಾವಣೆಯ ಕಾಯಿದೆಯು ೧೮೮೨ರದು. ಮುಂಬಯಿ ಇಲಾಖೆಗೆ ಅದು ಅನ್ವಯಿಸಿದ್ದು ೧೮೯೩ರ ಜನೇವರಿ ೧ರಿಂದ. ಅದರ ೫೮ನೆಯ ಕಲಮು ಷರತ್ತಿನ ಖರೇದಿಯನ್ನು ಗಹಾಣದ ಒಂದು ಜಾತಿಯೆಂದು ಒಪ್ಪಿಕೊಂಡಿದೆ. ಆದರೆ ೧೯೨೯ರ ತಿದ್ದುಪಡಿಯು ಒಂದು ಗೆರೆಯನ್ನು ಕೊರೆಯಿತು: ಹೊಲವನ್ನು ತಿರುಗಿ ಕೊಡುವ ಷರತ್ತು ಆ ಖರೇದಿಪತ್ರದಲ್ಲಿಯೇ ಬರೆದಿರತಕ್ಕದ್ದು, ಬೇರೆ ಕಾಗದದಲ್ಲಿದ್ದರೆ ಅದು ಗಹಾಣವಾಗದು. ಇದು ಇಂದಿಗೂ ಕಾಯಿದೆಯೇ. ಹೊರಗಿನಿಂದ ಬಂದು ನಿಷ್ಕಪಟವಾಗಿ ಹೊಲವನ್ನು ಕೊಂಡವನಿಗೆ ಈ ನಿಯಮದಿಂದ ರಕ್ಷಣೆಯುಂಟು. ಬಾಯಿಮಾತನ್ನು ನಂಬಿದ ರೈತನಿಗಾದರೋ ಬಾಗಿಲು ಇಕ್ಕಟ್ಟಾಯಿತು.

ಇನ್ನು ನೋಂದಣಿಯ ಮಾತು. ಸ್ಥಾವರದ ಪತ್ರಗಳನ್ನು ನೋಂದಿಸುವದು ೧೮೬೪ರ ಕಾಯಿದೆಯಿಂದ ಕಡ್ಡಾಯವಾಗತೊಡಗಿತು. ಇಂದು ನಡೆಯುವದು ೧೯೦೮ರ ಕಾಯಿದೆಯು. ನೂರು ರೂಪಾಯಿಗಳ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಭೂಮಿಯು ನೋಂದಾಯಿತ ಪತ್ರದಿಂದಲ್ಲದೆ ಕ್ರಯವಾಗಲಾರದು. ೧೯೦೩ರಲ್ಲಿ ಮುಂಬಯಿ ಇಲಾಖೆಯಲ್ಲಿ ಹಕ್ಕುದಾಖಲೆಯ ಕಾಯಿದೆಯಾಗಿ, ಹೊಲ ಯಾರದು, ಅದರ ಮೇಲೆ ಯಾರ ಬೋಜಾ ಇದೆ ಎಂಬದನ್ನು ಊರಿನ ದಪ್ತರದಲ್ಲಿ ಬರೆದಿಡುವ ಪದ್ಧತಿಯು ನೆಲೆಗೊಂಡಿತು. ಬೆಳಗಾವಿ ಜಿಲ್ಲೆಯು ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ೧೯೬೪ರ ಭೂಕಂದಾಯ ಕಾಯಿದೆಯ ಅಡಿಯಲ್ಲಿ ಇದೇ ಕ್ರಮವು ಮುಂದುವರಿದಿದೆ. ಜನರು 'ಉತಾರೆ' ಎನ್ನುವದು ಈ ದಾಖಲೆಯ ನಕಲಿಗೆ. ಗ್ರಾಮದವರ ಮತ್ತು ನೆರೆಯವರ ಅನುಮತಿಯೆಂಬ ಎರಡು ಹಳೆಯ ಅಂಗಗಳು ಉಪನೋಂದಣಿ ಕಚೇರಿಯ ಪುಸ್ತಕದಲ್ಲಿಯೂ ಉತಾರೆಯಲ್ಲಿಯೂ ಹೊಸ ರೂಪವನ್ನು ತಾಳಿವೆಯೆಂದರೆ ತಪ್ಪಾಗದು. ಆದರೆ ಒಂದು ಭೇದವುಂಟು. ನೋಂದಣಿಯು ಪತ್ರವು ಆಯಿತೆಂಬದನ್ನು ಲೋಕಕ್ಕೆ ಸಾರುವದು. ಪತ್ರದ ಅರ್ಥವು ಬರೆದುಕೊಟ್ಟವನಿಗೆ ತಿಳಿದಿತ್ತೆಂಬದನ್ನು ಅಷ್ಟರಿಂದಲೇ ಸಿದ್ಧಪಡಿಸದು. ಉತಾರೆಯಲ್ಲಿ ಹೆಸರು ಬರುವದರಿಂದಲೇ ಒಡೆತನವು ಹುಟ್ಟದು. ಒಡೆತನಕ್ಕೆ ಮೂಲವು ನ್ಯಾಯವಾದ ಪತ್ರವೋ ವಾರಸವೋ ಆಗಿರಬೇಕು.

ಸಂಚಕಾರ ಪತ್ರದ ಬಲಾಬಲವನ್ನೂ ಇದರಂತೆಯೇ ತಿಳಿಯತಕ್ಕದ್ದು. ೧೮೮೨ರ ಕಾಯಿದೆಯ ೫೪ನೆಯ ಕಲಮಿನ ಪ್ರಕಾರ, ಮಾರುವ ಕರಾರು ತಾನಾಗಿಯೇ ಭೂಮಿಯಲ್ಲಿ ಯಾವ ಹಕ್ಕನ್ನೂ ಹುಟ್ಟಿಸದು. ಅದು ಖರೇದಿಪತ್ರವನ್ನು ಪಡೆಯುವ ಹಕ್ಕನ್ನು ಮ���ತ್ರ ಕೊಡುವದು. ಕರಾರಿನ ಮೇಲೆ ಕಬ್ಜೆಯನ್ನು ಪಡೆದವನಿಗೆ ೧೯೨೯ರಲ್ಲಿ ೫೩ ಅ ಕಲಮಿನಿಂದ ರಕ್ಷಣೆಯು ದೊರೆಯಿತು; ೨೦೦೧ರ ತಿದ್ದುಪಡಿಯ ತರುವಾಯದ ಕರಾರಾದರೆ ಅದೂ ನೋಂದಣಿಯಾಗಿರದೆ ಈ ರಕ್ಷಣೆಯಿಲ್ಲ. ಮಾರುವವನು ಮಾತಿಗೆ ತಪ್ಪಿದರೆ, ಕರಾರಿನಂತೆ ನಡೆಯಿಸಿರೆಂದು ಕೊಳ್ಳುವವನು ನ್ಯಾಯಾಲಯವನ್ನು ಕೇಳಬಹುದು. ೨೦೧೮ರ ತಿದ್ದುಪಡಿಗೆ ಮೊದಲು ಇದು ನ್ಯಾಯಾಧೀಶನ ವಿವೇಚನೆಗೆ ಬಿಟ್ಟದ್ದಾಗಿತ್ತು. ಈಗ ಕಾಯಿದೆಯು ಹೇಳಿದ ಅಪವಾದಗಳನ್ನು ಬಿಟ್ಟು ಅದನ್ನು ಕೊಡತಕ್ಕದ್ದಾಗಿದೆ. ಆದರೆ ಕೊಳ್ಳುವವನೂ ತನ್ನ ಹಣದೊಡನೆ ಸಿದ್ಧನಾಗಿದ್ದನೆಂದು ತೋರಿಸಬೇಕು. ಇಮ್ಮಡಿ ಕೊಡುವ ಹಳೆಯ ನಿಯಮವು ಇಂದಿನ ಕಾಯಿದೆಯಲ್ಲಿ ಇಲ್ಲ. ಎರಡೂ ಕಡೆಗೆ ಬಂಧನವೆಂಬ ಅದರ ತಿರುಳು ಮಾತ್ರ ಉಳಿದಿದೆ.

ಮಿತಾಕ್ಷರೆಯ ಆರು ಅಂಗಗಳಲ್ಲಿ ದಾಯಾದರ ಒಪ್ಪಿಗೆಯೆಂಬದು ಇಂದು ಅತಿಶಯವಾದ ಪ್ರಾಮುಖ್ಯವನ್ನು ಪಡೆದಿದೆ. ವಿಜ್ಞಾನೇಶ್ವರನ ಕಾಲದಲ್ಲಿ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಬರುತ್ತಿದ್ದುದು ಗಂಡುಮಕ್ಕಳಿಗೆ. ಕರ್ನಾಟಕವು ೧೯೯೪ರಲ್ಲಿ, ಅಂದು ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೂ ಆ ಹಕ್ಕನ್ನು ಕೊಟ್ಟಿತು. ೨೦೦೫ರಲ್ಲಿ ಕೇಂದ್ರದ ಕಾಯಿದೆಯು ಎಲ್ಲ ಹೆಣ್ಣುಮಕ್ಕಳಿಗೂ ಅದನ್ನು ವಿಸ್ತರಿಸಿತು. ೨೦೦೫ರಲ್ಲಿ ತಂದೆಯು ಬದುಕಿರದಿದ್ದರೂ ಮಗಳ ಹಕ್ಕು ನಿಲ್ಲುವದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ಸ್ಪಷ್ಟಪಡಿಸಿತು. ೨೦೦೪ರ ಡಿಸೆಂಬರ ೨೦ಕ್ಕೆ ಮೊದಲು ಆಗಿಹೋದ ಮಾರಾಟಗಳು ಮಾತ್ರ ಇದರಿಂದ ಕದಲವು. ಆದುದರಿಂದ ಹಿರಿಯರ ಹೊಲವನ್ನು ಅಣ್ಣತಮ್ಮಂದಿರಷ್ಟೇ ಕುಳಿತು ಮಾರಿದರೆ ಕೊಳ್ಳುವವನಿಗೆ ನಿಶ್ಚಿಂತೆಯಿಲ್ಲ. ಅಕ್ಕತಂಗಿಯರನ್ನು ಕಚೇರಿಗೆ ಕರೆತಂದು ಸಹಿ ಮಾಡಿಸುವದು ಮಾತ್ರ ಸಾಲದು. ಯಾವದಕ್ಕೆ ಸಹಿ ಮಾಡುತ್ತಿರುವರೆಂಬದು ಅವರಿಗೆ ತಿಳಿಯತಕ್ಕದ್ದು. ಅರಿಶಿನ ಕುಂಕುಮದ ಸೀರೆಯನ್ನು ಉಡಿಸಿ ಹಕ್ಕುಬಿಡಿಕೆಯ ಪತ್ರಕ್ಕೆ ಅಂಗುಷ್ಠವನ್ನು ತೆಗೆದುಕೊಂಡರೆ ಅಲ್ಲಿ ಕಾಗದವುಂಟು, ಮನಸ್ಸಿನ ಐಕ್ಯವುಂಟೋ ಇಲ್ಲವೋ ಹೇಳಬರುವದಿಲ್ಲ.

ಸಾಲಕ್ಕಾಗಿ ಖರೇದಿಪತ್ರವನ್ನು ಬರೆದುಕೊಡುವ ರೂಢಿಗೂ ಕಾಯಿದೆಯು ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ಪತ್ರದ ಮಾತುಗಳನ್ನು ಬದಲಿಸಲು ಬಾಯಿಸಾಕ್ಷಿಯು ಸಲ್ಲದಾದರೂ, ಈ ಪತ್ರವು ಜಾರಿಯಾಗತಕ್ಕದ್ದೆಂದು ಎಂದೂ ಉದ್ದೇಶಿಸಿರಲಿಲ್ಲ, ಇದು ನಾಮಮಾತ್ರದ್ದು ಎಂದು ತೋರಿಸಲು ಸಲ್ಲುವದೆಂದು ಸರ್ವೋಚ್ಚ ನ್ಯಾಯಾಲಯವು ೧೯೮೧ರಲ್ಲಿ ಹೇಳಿತು. ೧೮೭೨ರ ಸಾಕ್ಷ್ಯದ ಕಾಯಿದೆಯು ಹೋಗಿ ೨೦೨೪ರ ಜುಲೈ ೧ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮವು ಬಂದಿದೆ. ಹಳೆಯ ೯೨ನೆಯ ಕಲಮಿನ ನಿಯಮವು ಅದರ ೯೫ನೆಯ ಕಲಮಿನಲ್ಲಿ ಹಾಗೆಯೇ ಕುಳಿತಿದೆ. ಆದರೂ ಬಾಗಿಲಿದೆಯೆಂದು ಮನೆಗೆ ಬೆಂಕಿಯಿಡುವದು ಜಾಣತನವಲ್ಲ. ವರುಷಗಟ್ಟಲೆ ಮೊಕದ್ದಮೆಯನ್ನು ನಡಿಸಿ ನಾಮಮಾತ್ರವೆಂದು ಸಿದ್ಧಪಡಿಸುವದಕ್ಕಿಂತ, ಸಾಲಕ್ಕೆ ಸಾಲದ ಪತ್ರವನ್ನೂ, ಗಹಾಣಕ್ಕೆ ಗಹಾಣದ ಪತ್ರವನ್ನೂ, ಮಾರಾಟಕ್ಕೆ ಮಾರಾಟದ ಪತ್ರವನ್ನೂ ಬರೆದುಕೊಳ್ಳುವದು ಸುಲಭವು.

ಈ ಒಂಬತ್ತುನೂರು ವರುಷಗಳ ಪ್ರಯಾಣದಲ್ಲಿ ಧಾರೆಯ ನೀರು ಒಣಗಿತು, ಶಾಸನದ ಕಲ್ಲು ಮುಕ್ಕಾಯಿತು, ಮೋಡಿಯನ್ನು ಓದುವವರು ವಿರಳವಾದರು, ಪ್ರಿವಿ ಕೌನ್ಸಿಲು ದೂರ ಸರಿಯಿತು. ಉಳಿದುಬಂದದ್ದು ಒಂದೇ ಪ್ರಶ್ನೆ: ಕೊಟ್ಟವನು ಏನನ್ನು ಕೊಡುತ್ತಿದ್ದೇನೆಂದು ತಿಳಿದು ಕೊಟ್ಟನೇ, ಮತ್ತು ಅದು ನಾಲ್ವರಿಗೆ ತಿಳಿದಿತ್ತೇ? ಹಳ್ಳಿಯ ನೋಂದಣಿಗಾರನು ಪತ್ರವನ್ನು ಗಟ್ಟಿಯಾಗಿ ಓದಬೇಕೆಂದು ೧೮೭೯ರಲ್ಲಿ ಹಾಕಿದ್ದ ನಿಯಮವು ಕಾಯಿದೆಯ ಪುಸ್ತಕದಿಂದ ಹೋಗಿದೆ. ಅದನ್ನು ಮನೆಯ ಪದ್ಧತಿಯಾಗಿ ಇಟ್ಟುಕೊಳ್ಳುವದಕ್ಕೆ ಯಾವ ಕಾಯಿದೆಯ ಅಡ್ಡಿಯೂ ಇಲ್ಲ. ಸಹಿಗೆ ಮೊದಲು ಖರೇದಿಪತ್ರವನ್ನು ಕನ್ನಡದಲ್ಲಿಯೋ ಮರಾಠಿಯಲ್ಲಿಯೋ, ಬರೆದುಕೊಡುವವರಿಗೆ ತಿಳಿಯುವ ಮಾತಿನಲ್ಲಿ, ಮನೆಯ ಹೆಣ್ಣುಮಕ್ಕಳೂ ನೆರೆಹೊಲದವರೂ ಕೇಳುವಂತೆ ಒಮ್ಮೆ ಗಟ್ಟಿಯಾಗಿ ಓದಿಸಿದರೆ, ಸಂಚಕಾರವೆಂಬ ಶಬ್ದವು ತನ್ನ ಹಳೆಯ ಒಳ್ಳೆಯ ಅರ್ಥದಲ್ಲಿಯೇ ನಿಲ್ಲುವದು.